ಭಾನುವಾರದ ಉಪ್ಪು

ಕೋಳಿಯ ಕರುಳಿನ ಕೊನೆಯ ನಾಲ್ಕು ಅಂಗುಲದ ಮೇಲೆ ಅವಳು ತನ್ನ ಬದುಕಿನ ನಾಲ್ಕು ವರ್ಷ ಹಾಕಿದ್ದಳು. ಅಂಗುಲಕ್ಕೊಂದು ವರ್ಷ. ಈ ಲೆಕ್ಕ ಅವಳದಲ್ಲ, ಭಾವನದು. ಭಾವನಿಗೆ ಚಪ್ಪಲಿ ಅಂಗಡಿಯಿತ್ತು. ಏನನ್ನು ಕಂಡರೂ ಅಳತೆ ತೆಗೆಯುವುದು ಅವನ ಕಸುಬಿನ ಚಾಳಿ. ಸಂಶೋಧನೆ ಇನ್ನೂ ಮುಗಿಯದಿದ್ದರೂ ಅವನು ಅವಳನ್ನು ಮೊದಲ ವರ್ಷದಿಂದಲೇ ಡಾಕ್ಟರಮ್ಮ ಎಂದು ಕರೆಯುತ್ತಿದ್ದ. ಮೊದಲ ವರ್ಷ ಅದು ಹಾರೈಕೆಯಾಗಿತ್ತು, ಎರಡನೆಯ ವರ್ಷ ತಮಾಷೆ. ನಾಲ್ಕನೆಯ ವರ್ಷದ ಹೊತ್ತಿಗೆ ಏನೆಂದು ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅವಳು ಅಕ್ಕ-ಭಾವನ ಮನೆಯಲ್ಲೇ ಇದ್ದಳು. ಏನು ಓದುತ್ತಿದ್ದೀಯೆ ಎಂದು ಅಕ್ಕ ಒಮ್ಮೆ ಬಟ್ಟೆ ಮಡಚುತ್ತಾ ಕೇಳಿದಾಗ ಅವಳು ಹೇಳಿದ್ದು ಇಷ್ಟು: ತಿನ್ನುವುದರಲ್ಲಿ ಉಪ್ಪು ಇಲ್ಲದೆ ಹೋದರೆ ಕೋಳಿಯ ಮೂತ್ರಪಿಂಡದ ಪಕ್ಕದ ಒಂದು ಪುಟ್ಟ ಗ್ರಂಥಿ ರಕ್ತಕ್ಕೆ ಒಂದು ಹಾರ್ಮೋನು ಬಿಡುತ್ತದೆ, ಅದರ ಹೆಸರು ಆಲ್ಡೊಸ್ಟೆರಾನ್. ಅದು ಕರುಳಿನ ತುದಿಗೆ ಹೋಗಿ, ಇನ್ನೇನು ದೇಹ ಬಿಟ್ಟು ಹೊರಡಲಿರುವ ಉಪ್ಪನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಬಾಗಿಲುಗಳನ್ನು ತೆರೆಸುತ್ತದೆ. ಉಪ್ಪು ಸಾಕಷ್ಟು ಸಿಕ್ಕಿತೋ, ಹಾರ್ಮೋನು ಇಳಿಯುತ್ತದೆ, ಬಾಗಿಲು ಮುಚ್ಚುತ್ತದೆ. ಎಷ್ಟು ದಿನಕ್ಕೆ ಎಷ್ಟು ಬಾಗಿಲು ತೆರೆಯುತ್ತದೆ ಎಂದು ಅಳೆಯುವುದು ತನ್ನ ಕೆಲಸ. ಅಕ್ಕ ಕೊನೆಯ ದಿಂಬಿನ ಹೊದಿಕೆ ಮಡಚಿಟ್ಟು, "ಇಷ್ಟೇನಾ?" ಎಂದಳು. ಇಷ್ಟೇ. ಅವಳೂ ಆ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿ ತಿರುವಿ ಹಾಕಿದ್ದಳು. ಇಷ್ಟೇ ಎಂಬುದನ್ನು ಬಿಟ್ಟು ಬೇರೆ ಉತ್ತರ ಹೊಳೆದಿರಲಿಲ್ಲ.

ಅಳೆಯುವ ಯಂತ್ರಕ್ಕೆ ದೊಡ್ಡ ಹೆಸರಿತ್ತು, ಎಲ್ಲರೂ ಡಬ್ಬಿ ಎನ್ನುತ್ತಿದ್ದರು. ಗಾಜಿನಂಥ ಪ್ಲಾಸ್ಟಿಕ್ಕಿನ ಎರಡು ಹೋಳು, ನಡುವೆ ನಾಣ್ಯದಷ್ಟು ಅಗಲದ ಕಿಂಡಿ. ಕರುಳಿನ ತುಂಡನ್ನು ಉದ್ದಕ್ಕೆ ಸೀಳಿ, ತೊಳೆದು, ಹಿಂಬದಿಯ ಮಾಂಸದ ಪದರವನ್ನು ಸುಲಿದು, ಉಳಿದ ತೆಳು ಪೊರೆಯನ್ನು ಆ ಕಿಂಡಿಯ ಮೇಲೆ ತಮಟೆಯ ಚರ್ಮದ ಹಾಗೆ ಹಿಡಿಸಬೇಕು. ಎರಡೂ ಕಡೆ ಬೆಚ್ಚಗಿನ ದ್ರಾವಣ. ಕೋಳಿ ಸತ್ತಿದ್ದರೂ ಪೊರೆಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಅದು ಎರಡು ಮೂರು ಗಂಟೆ ಉಪ್ಪನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತಲೇ ಇರುತ್ತದೆ. ಉಪ್ಪಿನ ಕಣಕ್ಕೆ ವಿದ್ಯುತ್ತಿನ ಅಂಶ ಇರುವುದರಿಂದ ಮೀಟರಿನ ಮೇಲೆ ಒಂದು ಅಂಕಿ ಏಳುತ್ತದೆ. ಆಮೇಲೆ ಬಾಗಿಲು ಮುಚ್ಚುವ ಔಷಧಿಯ ಒಂದು ಹನಿ ಹಾಕಬೇಕು. ಅಂಕಿ ಎಷ್ಟು ಇಳಿಯಿತೋ ಅಷ್ಟು ಉಪ್ಪಿನ ಪಾಲು.

ಮೂರು ವಾರ ಉಪ್ಪಿಲ್ಲದ ಕಾಳು ತಿಂದ ಕೋಳಿ ಮುನ್ನೂರರ ಆಸುಪಾಸು ತೋರಿಸಬೇಕು. ಅವಳ ಕೋಳಿಗಳಲ್ಲಿ ಕೆಲವು ತೋರಿಸುತ್ತಿದ್ದವು. ಕೆಲವು ಇನ್ನೂರು, ಕೆಲವು ನೂರು. ಕೆಲವಂತೂ ನಲವತ್ತು, ಐವತ್ತು ತೋರಿಸಿ, ತಮಗೆ ಉಪ್ಪಿನ ಕೊರತೆ ಏನೂ ಇಲ್ಲವೆಂಬಂತೆ ಸುಮ್ಮನಿರುತ್ತಿದ್ದವು. ಕೋಳಿಯ ವಯಸ್ಸು ನೋಡಿದಳು, ತೂಕ ನೋಡಿದಳು, ಕಾಳಿನ ಚೀಲವನ್ನು ಮೂರು ಸಲ ಪರೀಕ್ಷೆಗೆ ಕಳಿಸಿದಳು. ಕಾಳಿನಲ್ಲಿ ಉಪ್ಪಿರಲಿಲ್ಲ. ನಲ್ಲಿಯ ನೀರನ್ನೂ ನೋಡಿದಳು, ತನ್ನ ಕೈಗಳನ್ನೂ ಅನುಮಾನಿಸಿದಳು. ಪೊರೆ ಸುಲಿಯುವಾಗ ಬೆರಳು ನಡುಗುತ್ತಿದೆಯೇ ಎಂದು ಎಡಗೈಯಿಂದ ಬಲಗೈಯನ್ನು ಹಿಡಿದು ನೋಡಿದ್ದುಂಟು.

ಪ್ರಬಂಧ ಕೊಡಲು ಉಳಿದದ್ದು ಐದು ವಾರ. ಇದು ಮೂರನೆಯ ಗಡುವು, ನಾಲ್ಕನೆಯದು ಇಲ್ಲವೆಂದು ಕಚೇರಿಯಿಂದ ಕಾಗದ ಬಂದಿತ್ತು. ಅಂಕಿಗಳು ಹೀಗೆ ದಿಕ್ಕಾಪಾಲಾಗಿದ್ದರೆ ಬರೆಯಲು ಏನೂ ಇಲ್ಲ. ಬರೆಯದಿದ್ದರೆ ನಾಲ್ಕು ವರ್ಷ ನೀರಿನಲ್ಲಿ ಹೋಮ.

ಗೈಡ್ ಮಾತಾಡುವಾಗ ಕಿಟಕಿಯತ್ತ ನೋಡುತ್ತಿದ್ದರು. ಕಿಟಕಿಯ ಆಚೆ ಪಕ್ಕದ ಕಟ್ಟಡದ ಗೋಡೆಯಿತ್ತು. ಕಡಿಮೆ ಬಂದ ಅಂಕಿಗಳೆಲ್ಲ ಕೆಟ್ಟ ಪೊರೆಯವು, ತೆಗೆಯುವಾಗಲೇ ಹರಿದಿರುತ್ತವೆ, ಅವನ್ನು ಬಿಟ್ಟು ಉಳಿದದ್ದನ್ನು ಬರೆಯಿರಿ, ಎಲ್ಲರೂ ಬಿಡುತ್ತಾರೆ ಎಂದು ಅವರು ಗೋಡೆಗೆ ವಿವರಿಸಿದರು. ಪೊರೆ ಹರಿದಿರಲಿಲ್ಲ ಎಂದು ಅವಳು ಹೇಳಿದಳು. ಹರಿದಿದ್ದರೆ ಬೇರೆ ಥರದ ಅಂಕಿ ಬರುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಅವರು ಗೋಡೆ ನೋಡುತ್ತಲೇ, "ಹರಿದಿತ್ತು ಅಂದ್ಕೊಂಡ್ರೆ ಯಾರಿಗೂ ನಷ್ಟ ಇಲ್ಲ" ಎಂದರು.

ಕೋಳಿಮನೆ ಪ್ರಯೋಗಾಲಯದ ಹಿಂದಿತ್ತು. ಅದನ್ನು ನೋಡಿಕೊಳ್ಳುವವನಿಗೆ ಐವತ್ತೆಂಟು ವರ್ಷ. ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದುದರಿಂದ ಹಿಂದಿನ ಯಾರೋ ವಿದ್ಯಾರ್ಥಿಗಳು ಹೂಂ ಮಾವ ಎಂದು ಹೆಸರಿಟ್ಟಿದ್ದರು. ಆ ವಿದ್ಯಾರ್ಥಿಗಳು ಎಲ್ಲೆಲ್ಲೋ ಪ್ರೊಫೆಸರರಾಗಿದ್ದರು, ಹೆಸರು ಇಲ್ಲೇ ಉಳಿದಿತ್ತು. ಅವಳೂ ಮಾತಿನ ಮನುಷ್ಯಳಲ್ಲ. ನಾಲ್ಕು ವರ್ಷದಲ್ಲಿ ಅವರಿಬ್ಬರು ಆಡಿದ ಮಾತನ್ನೆಲ್ಲ ಸೇರಿಸಿದರೆ ಒಂದು ಪೋಸ್ಟ್ ಕಾರ್ಡು ತುಂಬುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಅವನು ಆ ದಿನದ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಅಂಗೈಯಿಂದ ಅದರ ಕಣ್ಣು ಮುಚ್ಚಿಕೊಂಡು ತರುತ್ತಿದ್ದ. ಅವಳು ಅದನ್ನು ತೆಗೆದುಕೊಳ್ಳುತ್ತಿದ್ದಳು. ಅವನು ಬಾಗಿಲು ಎಳೆದುಕೊಂಡು ಹೋಗುತ್ತಿದ್ದ. ಆ ಮೌನ ಅವಳಿಗೆ ಹಿಡಿಸಿತ್ತು. ಅದರಲ್ಲಿ ಒಂದು ಒಪ್ಪಂದ ಇದೆಯೆಂದು ಭಾವಿಸಿದ್ದಳು. ಏನೆಂದು ಎಂದೂ ಕೇಳಿರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಬಂದಳು. ಬೆಳಗಿನ ಕೋಳಿ ನಲವತ್ತೆರಡು ತೋರಿಸಿತ್ತು. ತಟ್ಟೆಯ ಪಕ್ಕದಲ್ಲೇ ಹಾಳೆ ಹರಡಿ, ಈಚಿನ ತಿಂಗಳುಗಳಲ್ಲಿ ಅರವತ್ತರೊಳಗೆ ಬಂದ ಹದಿನೇಳು ಕೋಳಿಗಳನ್ನು ಬೇರೆ ಬರೆದುಕೊಂಡಿದ್ದಳು: ಕೋಳಿಯ ನಂಬರು, ತಾರೀಖು, ಅಂಕಿ. ಸೋಮವಾರ ಅಂಗಡಿಗೆ ರಜೆ; ಭಾವ ಎದುರಿಗೆ ಕೂತು ತಲೆಕೆಳಗಾಗಿ ಹಾಳೆ ಓದುತ್ತಿದ್ದ. ಓದುತ್ತಾ ಓದುತ್ತಾ ಅವನ ಕೈ ತಟ್ಟೆಯಲ್ಲೇ ನಿಂತಿತು.

"ಇದೇನು, ನನ್ನ ರಜಾ ಪಟ್ಟಿ ನಿನ್ನ ಹತ್ರ ಬಂದಿದೆ?"

ಅವಳಿಗೆ ಅರ್ಥವಾಗಲಿಲ್ಲ.

"ಏಳು, ಹದಿನಾಲ್ಕು, ಇಪ್ಪತ್ತೊಂದು. ಇದು ಹೋದ ತಿಂಗಳು. ಈ ತಿಂಗಳದ್ದು ನಾಲ್ಕು, ಹನ್ನೊಂದು. ಎಲ್ಲಾ ಸೋಮವಾರ ಕಣಮ್ಮ. ವರ್ಷಕ್ಕೆ ಐವತ್ತೆರಡು ರಜಾ ನಂಗೆ, ಒಂದೊಂದೂ ಬಾಯಿಪಾಠ." ಅವನು ಮತ್ತೆ ಊಟಕ್ಕೆ ಕೈಹಾಕಿದ. "ನಿನ್ನ ಕೋಳಿಗಳಿಗೂ ವಾರದ ರಜಾ ಇದ್ದಂಗಿದೆ, ಡಾಕ್ಟರಮ್ಮ."

ಅಕ್ಕ ನಕ್ಕಳು. ಅವಳು ನಗಲಿಲ್ಲ. ಉಳಿದ ಹಾಳೆಗಳನ್ನು ತಂದು, ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಸೋಮವಾರದವು ನಲವತ್ತು, ಐವತ್ತು. ಮಂಗಳವಾರ ತೊಂಬತ್ತರ ಹತ್ತಿರ. ಬುಧವಾರ ನೂರೈವತ್ತು, ಗುರುವಾರ ಇನ್ನೂರಿಪ್ಪತ್ತು, ಶುಕ್ರವಾರ ಮುನ್ನೂರಕ್ಕೆ ಹತ್ತು ಕಡಿಮೆ. ನಾಲ್ಕು ವರ್ಷ ಅಡ್ಡಾದಿಡ್ಡಿ ಕಂಡದ್ದು ಮೆಟ್ಟಿಲಿನಷ್ಟು ನೇರವಾಗಿತ್ತು. ಭಾನುವಾರ ಯಾವುದೋ ಬಾಗಿಲು ಮುಚ್ಚುತ್ತಿತ್ತು, ವಾರವಿಡೀ ನಿಧಾನ ತೆರೆದುಕೊಳ್ಳುತ್ತಿತ್ತು. ಬದುಕಿರುವ ಕೋಳಿಯ ಬಾಗಿಲು ಮುಚ್ಚಿಸುವ ವಸ್ತು ಜಗತ್ತಿನಲ್ಲಿ ಒಂದೇ ಇದೆ ಎಂದು ಅವಳೇ ಪ್ರಬಂಧದ ಮೊದಲ ಪುಟದಲ್ಲಿ ಬರೆದಿದ್ದಳು.

ಅನ್ನ ಆರುತ್ತಿದೆ ಎಂದು ಅಕ್ಕ ಹೇಳಿದಳು.

ಹೂಂ ಮಾವನನ್ನು ಆ ಹೊತ್ತೇ ಹೋಗಿ ಕೇಳಬಹುದಿತ್ತು. ಅವಳು ಕೇಳಲಿಲ್ಲ. ಮಂಗಳವಾರದ ಕೋಳಿ ತೆಗೆದುಕೊಂಡಳು, ತೊಂಬತ್ತೆಂಟು. ಬುಧವಾರ ನೂರರವತ್ತು. ಪ್ರತಿ ಬೆಳಿಗ್ಗೆ ಅವನು ಕೋಳಿಯ ಕಣ್ಣು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಾಗ ಅವಳ ಬಾಯಿಗೆ ಪ್ರಶ್ನೆ ಬರುತ್ತಿತ್ತು, ಅವನು ಹೂಂ ಎಂದುಬಿಟ್ಟರೆ ಮುಂದೇನು ಮಾಡಬೇಕೆಂದು ತಿಳಿಯದೆ ವಾಪಸು ಹೋಗುತ್ತಿತ್ತು.

ಅವಳಿಗೆ ಹೆದರಿಕೆ ಹುಟ್ಟಿಸಿದ್ದು ಅವನಲ್ಲ, ಒಂದು ಹಾಳೆ. ಕೋಳಿಮನೆಯ ಬಾಗಿಲಿಗೆ ಭಾನುವಾರದ ಹಾಳೆ ಎಂಬುದೊಂದು ನೇತಾಡುತ್ತಿತ್ತು. ರಜಾ ದಿನವೂ ಸಂಶೋಧಕರೇ ಬಂದು, ಕಾಳು ನೀರು ಕಣ್ಣಾರೆ ನೋಡಿ, ಸಹಿ ಹಾಕಬೇಕೆಂಬುದು ನಿಯಮ. ಯಾರೂ ಬರುತ್ತಿರಲಿಲ್ಲ. ಎಲ್ಲರೂ ಸೋಮವಾರ ಬೆಳಿಗ್ಗೆ ಸಹಿ ಹಾಕುತ್ತಿದ್ದರು. ಅವಳೂ ನಾಲ್ಕು ವರ್ಷದ ಭಾನುವಾರಗಳಿಗೆ, 'ಉಪ್ಪಿಲ್ಲದ ಕಾಳು, ಶುದ್ಧ ನೀರು, ನಾನೇ ನೋಡಿದ್ದೇನೆ' ಎಂದು ಅಚ್ಚಾದ ಸಾಲಿನ ಕೆಳಗೆ ದುಂಡಗಿನ ಅಕ್ಷರದಲ್ಲಿ ಹೆಸರು ಬರೆದಿದ್ದಳು. ಅವಳ ಸಹಿ ಇಲ್ಲದ ಭಾನುವಾರ ಒಂದೂ ಇರಲಿಲ್ಲ. ಅವಳು ನೋಡಿದ ಭಾನುವಾರವೂ ಒಂದೂ ಇರಲಿಲ್ಲ.

ಆ ಭಾನುವಾರ ಹತ್ತು ಗಂಟೆಗೆ ಹೋದಳು. ಅವನು ಸ್ಟೂಲಿನ ಮೇಲೆ ಕೂತಿದ್ದ. ಪಂಜರಗಳ ಕೆಳಗೆ ಹೊಟ್ಟು ಬದಲಾಗಿತ್ತು, ನೆಲ ಒದ್ದೆಯಿತ್ತು. ಅವಳನ್ನು ನೋಡಿ ಅವನು ಎದ್ದ, ಮತ್ತೆ ಕೂತ. ಅವಳು ಕಾಳಿನ ಚೀಲದ ಮೇಲೆ ಕೂತಳು. ಕೋಳಿಗಳು ಪಂಜರದ ಕಂಬಿಯಿಂದ ಕತ್ತು ಹೊರಗೆ ಹಾಕಿ ಅವನ ಕಡೆಗೇ ನೋಡುತ್ತಿದ್ದವು, ಅವಳ ಕಡೆಗೆ ಒಂದೂ ನೋಡಲಿಲ್ಲ. ಕೆಲವಕ್ಕೆ ಬೆನ್ನ ಮೇಲಿನ ಗರಿ ಉದುರಿ ಚರ್ಮ ಕಾಣುತ್ತಿತ್ತು. ಇದೂ ಅವಳು ಗಮನಿಸಿರಲಿಲ್ಲ. ಅವಳ ಕೈಗೆ ಅವು ಒಂದೊಂದಾಗಿ ಬರುತ್ತಿದ್ದವು, ಬಂದ ಮೇಲೆ ಅವಳಿಗೆ ಬೇಕಾಗಿದ್ದುದು ಬೇರೆ ಕಡೆಯಿತ್ತು.

ಕಾಲು ಗಂಟೆ ಹೀಗೇ ಹೋಯಿತು. ಆಮೇಲೆ ಅವನು, ಅವಳು ಇದ್ದಾಳೆಂದು ಅವಸರಿಸದೆ, ಇದ್ದಾಳೆಂದು ನಿಲ್ಲಿಸದೆ, ಅಂಗಿಯ ಜೇಬಿನಿಂದ ಕ್ಯಾಂಟೀನಿನ ಉಪ್ಪಿನ ಪೊಟ್ಟಣಗಳನ್ನು ತೆಗೆದ. ಹಲ್ಲಿನಿಂದ ಹರಿದು ನೀರಿನ ಬಕೆಟ್ಟಿಗೆ ಸುರಿದ. ಕೈಯಿಂದಲೇ ಕದಡಿದ.

"ಉಪ್ಪಾ, ಮಾವ?"

"ಹೂಂ."

"ಯಾವಾಗಿಂದ?"

ಅದಕ್ಕೆ ಹೂಂ ಎನ್ನಲು ಬರುತ್ತಿರಲಿಲ್ಲ. ಅವನು ಬಕೆಟ್ಟನ್ನು ನೋಡುತ್ತಾ ಹೇಳಿದ: "ನೀನು ಬಂದ ಮೊದಲನೇ ವರ್ಷದಿಂದ. ಒಂದರ ಗರಿ ಇನ್ನೊಂದು ಕಿತ್ತು ತಿಂತಿದ್ವು. ನನ್ನ ಮೊಣಕೈ ಹತ್ರ ಬೆವರು ಒಣಗಿರುತ್ತಲ್ಲ, ಅಲ್ಲಿ ಬಂದು ಕುಕ್ಕೋವು. ಏನು ಬೇಕು ಅಂತ ಬಾಯಿ ಬಿಟ್ಟು ಹೇಳ್ಬೇಕಾ?" ಬಕೆಟ್ಟನ್ನು ಪಂಜರದ ಹತ್ತಿರಕ್ಕೆ ಸರಿಸಿ, "ವಾರವೆಲ್ಲಾ ನೀವು ಹೇಳಿದಂಗೇ ನೋಡ್ಕೊಂಡಿದೀನಿ. ಭಾನುವಾರ ನಿಮಗೆಲ್ಲಾ ರಜಾ. ಅವಕ್ಕೂ ಇರ್ಲಿ ಅಂತ" ಎಂದ.

ಉಪ್ಪು ಹಾಕಬೇಡಿ ಎಂದು ಮೊದಲ ದಿನವೇ ಹೇಳಿದ್ದೆನಲ್ಲ ಎಂದು ಅವಳು ಕೇಳಿದಳು. ಹೇಳಿದ್ದು ಕೇಳಿಸಿತ್ತು ಎಂದು ಅವನು ಒಪ್ಪಿಕೊಂಡ. ಆ ದಿನದ ಅವನ ಹೂಂ ಅಷ್ಟಕ್ಕೇ ಆಗಿತ್ತು. ಹಾಕುತ್ತಿದ್ದೀರಾ ಎಂದು ಆಮೇಲೆ ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ ಎಂದ. ಅದು ನಿಜವೆಂದು ಅವಳಿಗೆ ಗೊತ್ತಿತ್ತು. ತಾನು ಒಪ್ಪಂದ ಎಂದುಕೊಂಡಿದ್ದ ಮೌನ ಬರೀ ಇಬ್ಬರು ಸುಮ್ಮನಿದ್ದದ್ದು.

ಸೋಮವಾರ ಹಾಳೆಗಳ ಕಟ್ಟನ್ನು ಗೈಡ್ ಅವರ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅವರು ಮೊದಲ ಬಾರಿಗೆ ಗೋಡೆ ಬಿಟ್ಟು ಅವಳನ್ನು ನೋಡಿದರು. ದಾರಿ ಎರಡಿದೆ ಎಂದರು. ಸೋಮವಾರದ ಕೋಳಿಗಳನ್ನೂ ಮಂಗಳವಾರ ಬುಧವಾರದವನ್ನೂ ಕೆಟ್ಟ ಪೊರೆ ಎಂದು ಬಿಟ್ಟು, ವಾರದ ಕೊನೆಯ ಕೋಳಿಗಳ ಮೇಲೆ ಪ್ರಬಂಧ ಬರೆದರೆ ಗಡುವಿನೊಳಗೆ ಮುಗಿಯುತ್ತದೆ, ಪದವಿ ಬರುತ್ತದೆ. ಇಲ್ಲವೇ ಪ್ರಾಣಿ ಪ್ರಯೋಗ ಸಮಿತಿಗೆ ಬರೆದು ಕೊಡಬೇಕು. ಆಗ ಮೊದಲು ಕೇಳುವುದು ಉಪ್ಪು ಹಾಕಿದವರು ಯಾರು ಎಂದಲ್ಲ, ನೋಡಿದ್ದೇನೆ ಎಂದು ಸಹಿ ಹಾಕಿದವರು ಯಾರು ಎಂದು. "ನಾನು ಈ ಹಾಳೆ ನೋಡಿಲ್ಲ" ಎಂದು ಹೇಳಿ ಅವರು ಕಟ್ಟನ್ನು ಅವಳ ಕಡೆಗೆ ತಳ್ಳಿದರು. ಕೆಟ್ಟ ಮನುಷ್ಯರಲ್ಲ. ಅವಳಿಗೆ ಅದು ಅರ್ಥವಾಗಲೆಂದು ಎರಡು ಸಲ ತಳ್ಳಿದರು.

ಎರಡು ದಿನ ಅವಳು ಯಾರ ಹತ್ತಿರವೂ ಮಾತಾಡಲಿಲ್ಲ. ಮನೆಯಲ್ಲಿ ಅದು ಯಾರಿಗೂ ತಿಳಿಯಲಿಲ್ಲ, ಎಂದಿನ ಹಾಗೇ ಇತ್ತು. ಶುಕ್ರವಾರದ ಕೋಳಿಯ ಮುನ್ನೂರು ಸುಳ್ಳಲ್ಲ. ಆದರೆ ಅದು ಮೂರು ವಾರದ ಮುನ್ನೂರಲ್ಲ, ಐದು ದಿನದ ಮುನ್ನೂರು. ಹಾಗೆ ಬರೆಯದಿದ್ದರೆ ಅದನ್ನು ನಂಬಿ ಇನ್ನೆಲ್ಲೋ ಇನ್ನೊಬ್ಬಳು ಇನ್ನಷ್ಟು ಕೋಳಿಗಳ ಕಣ್ಣು ಮುಚ್ಚಿಸುತ್ತಾಳೆ. ಮೂರನೆಯ ದಿನ ಸಮಿತಿಗೆ ಒಂದು ಪುಟದ ಕಾಗದ ಬರೆದಳು. ಕೋಳಿಮನೆಯವರು ನಾಲ್ಕು ವರ್ಷ ಪ್ರತಿ ಭಾನುವಾರ ಕನಿಕರದಿಂದ ಉಪ್ಪು ಕೊಟ್ಟಿದ್ದಾರೆ, ನೋಡದೆಯೇ ಕೊಡುತ್ತಿಲ್ಲವೆಂದು ಸಹಿ ಹಾಕಿದವಳು ನಾನು, ಸಂಬಂಧಪಟ್ಟ ಹಾಳೆಗಳನ್ನು ಲಗತ್ತಿಸಿದೆ. ಗೈಡ್ ಓದಿ, ಕನಿಕರ ಎಂಬುದನ್ನು ಹೊಡೆದು ಹಾಕಿದರು.

"ಅದಕ್ಕೆ ಏಕಮಾನ ಇಲ್ಲ" ಎಂದರು.

ಅವಳು ಶುದ್ಧಪ್ರತಿಯಲ್ಲಿ ಅದನ್ನು ಮತ್ತೆ ಬರೆದಳು. ಅವರು ಮತ್ತೆ ನೋಡಲಿಲ್ಲ, ಅಥವಾ ನೋಡಿ ಬಿಟ್ಟರು.

ಸಮಿತಿಯಲ್ಲಿ ಮೂವರಿದ್ದರು. ಸಭೆ ಹನ್ನೊಂದು ನಿಮಿಷ ನಡೆಯಿತು, ಅದರಲ್ಲಿ ನಾಲ್ಕು ನಿಮಿಷ ಫ್ಯಾನು ಸರಿಮಾಡಲು ಹೋಯಿತು. ನಾಲ್ಕು ವರ್ಷದ ಅಂಕಿಗಳನ್ನು ಪ್ರಬಂಧದಲ್ಲಿ ಬಳಸಕೂಡದು. ನಾಲ್ಕು ತಿಂಗಳ ಕೊನೆಯ ಅವಕಾಶ, ಫೆಲೋಶಿಪ್ ಇಲ್ಲದೆ. ಉಪ್ಪಿನ ಭಾನುವಾರವನ್ನೇ ಪ್ರಯೋಗ ಮಾಡಿ ತೋರಿಸಬಹುದು: ಅರ್ಧ ಕೋಳಿಗಳಿಗೆ ತೂಗಿದ ಉಪ್ಪು, ಅರ್ಧಕ್ಕೆ ಬರೀ ನೀರು. ಸಂಶೋಧಕಿ ಪ್ರತಿ ಭಾನುವಾರ ಖುದ್ದಾಗಿ ಹಾಜರಿರತಕ್ಕದ್ದು. ಕೋಳಿಮನೆಯವನಿಗೆ ಲಿಖಿತ ಎಚ್ಚರಿಕೆ.

ಎಚ್ಚರಿಕೆಯನ್ನು ಅವನು ಓದಿ, ಮಡಚಿ, ಉಪ್ಪಿನ ಪೊಟ್ಟಣಗಳಿದ್ದ ಜೇಬಿಗೆ ಹಾಕಿಕೊಂಡನಂತೆ. ಭಾವ ಮಾತ್ರ ವಿಷಯ ಕೇಳಿ, "ಸೋಮವಾರ ಅಂತ ನಾನು ಬಾಯಿ ಬಿಡಬಾರದಿತ್ತು" ಎಂದ. ಆ ನಾಲ್ಕು ತಿಂಗಳು ಅವನು ಅವಳನ್ನು ಡಾಕ್ಟರಮ್ಮ ಎನ್ನಲಿಲ್ಲ, ಹೆಸರು ಹಿಡಿದು ಕರೆದ. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಮುಂದಿನದನ್ನು ಈಗಲೇ ಹೇಳಿಬಿಡಬಹುದು. ಉಪ್ಪು ಕಂಡ ಕೋಳಿಗಳು ಸೋಮವಾರ ನಲವತ್ತು ತೋರಿಸಿ ಶುಕ್ರವಾರದ ಹೊತ್ತಿಗೆ ಮುನ್ನೂರರ ಹತ್ತಿರಕ್ಕೆ ಏರಿದವು. ಉಪ್ಪು ಕಾಣದವು ವಾರವಿಡೀ ಮುನ್ನೂರರ ಮೇಲೇ ಇದ್ದವು. ಪ್ರಬಂಧ ಮೊದಲು ಅಂದುಕೊಂಡದ್ದಕ್ಕಿಂತ ತೆಳ್ಳಗಾಯಿತು, ಒಪ್ಪಿಗೆಯಾಯಿತು. ಪರೀಕ್ಷಕರು ಭಾನುವಾರವೇ ಏಕೆ ಎಂದು ಕೇಳಿದರು, ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅವರು ಬರೆದುಕೊಳ್ಳಲಿಲ್ಲ.

ಆದರೆ ಅದಕ್ಕೆಲ್ಲ ಮೊದಲು ಆ ಹೊಸ ಪ್ರಯೋಗದ ಮೊದಲನೆಯ ಭಾನುವಾರ ಇತ್ತು. ನಲವತ್ತೆರಡು ಕೋಳಿ. ಅವಳು ತಕ್ಕಡಿ, ತೂಗಿದ ಉಪ್ಪಿನ ಪೊಟ್ಟಣ, ಹೊಸ ಹಾಳೆ ತಂದಿದ್ದಳು. ಯಾವ ಇಪ್ಪತ್ತೊಂದಕ್ಕೆ ಉಪ್ಪು ಎಂದು ತೀರ್ಮಾನವಾಗಬೇಕಿತ್ತು. ತನಗೆ ಬೇಕಾದ್ದನ್ನು ಆರಿಸುವಂತಿಲ್ಲ, ಅದು ನಿಯಮ, ಚೀಟಿ ಎತ್ತಬೇಕು. ಚೀಟಿಗಳ ಡಬ್ಬವನ್ನು ಅವನ ಮುಂದೆ ಹಿಡಿದಳು. ಅವನು ಕೈ ಹಿಂದೆ ಕಟ್ಟಿಕೊಂಡ.

"ಎಲ್ಲದಕ್ಕೂ ಹಾಕು ಅಂದ್ರೆ ಹಾಕ್ತೀನಿ. ಯಾವುದಕ್ಕೂ ಬೇಡ ಅಂದ್ರೂ ಈಗ ಕೇಳ್ತೀನಿ, ಕಾಗದ ಬಂದಿದೆ. ಇದಕ್ಕೆ ಹೌದು, ಅದಕ್ಕಿಲ್ಲ ಅನ್ನೋದನ್ನ ನನ್ನ ಕೈಲಿ ಮಾಡಿಸ್ಬೇಡಮ್ಮ."

ಅವಳೇ ಎತ್ತಿದಳು. ಇಪ್ಪತ್ತೊಂದು ಚೀಟಿ, ಒಂದೊಂದಾಗಿ, ನಂಬರು ಓದುತ್ತಾ. ಅವನು ಆ ನಂಬರಿನ ಕೋಳಿಯನ್ನು ಎಡಸಾಲಿನ ಪಂಜರಕ್ಕೆ ಎತ್ತಿಡುತ್ತಿದ್ದ. ಉಳಿದವು ಬಲಸಾಲು. ಎಡಸಾಲಿಗೆ ಅವನು ಉಪ್ಪುನೀರು ಹಾಕಿದ, ಬಲಸಾಲಿಗೆ ಅವಳು ಬರೀ ನೀರು ಹಾಕಿದಳು. ಒಬ್ಬರ ಬೆನ್ನು ಒಬ್ಬರಿಗಿತ್ತು. ಅವಳ ಕಡೆಯ ಕೋಳಿಗಳು ಒಂದು ಗುಟುಕು ಕುಡಿದು, ಕತ್ತೆತ್ತಿ, ಅವನ ಬೆನ್ನನ್ನು ನೋಡಿದವು. ಅವಳು ಹಾಳೆಯಲ್ಲಿ ಗಂಟೆ ಬರೆದಳು, ನೋಡಿದ್ದೇನೆ ಎಂಬ ಸಾಲಿನ ಕೆಳಗೆ ಸಹಿ ಹಾಕಿದಳು. ನಾಲ್ಕು ವರ್ಷದಲ್ಲಿ ಇದೊಂದು ಸಹಿ ನಿಜವಾಗಿತ್ತು. ಹಾಕುವಾಗ ಕೈ ಹಗುರವಾಗಲಿಲ್ಲ.

ಅವನು ಬಕೆಟ್ಟು ತೊಳೆದು ಬೋರಲು ಹಾಕಿದ.

"ಹೀಗೆ ಎಷ್ಟು ಭಾನುವಾರ?"

"ನಾಲ್ಕು."

"ಆಮೇಲೆ?"

"ಆಮೇಲೆ ಎಲ್ಲದಕ್ಕೂ ಕೊಡ್ಬಹುದು ಮಾವ. ಎಷ್ಟು ಬೇಕಾದ್ರೂ."

"ಅಷ್ಟೊತ್ತಿಗೆ ಎಷ್ಟು ಉಳಿದಿರ್ತವೆ?"

ದಿನಕ್ಕೆ ಎರಡು, ವಾರಕ್ಕೆ ಹತ್ತು. ಇದು ಅಂಕಿಯಲ್ಲಿ ಉತ್ತರವಿರುವ ಪ್ರಶ್ನೆ. ಅಂಥವಕ್ಕೆ ಅವಳು ಎಂದೂ ತಡವರಿಸಿದವಳಲ್ಲ. ಈಗಲೂ ಉತ್ತರ ಗೊತ್ತಿತ್ತು, ಕಾಗದದಲ್ಲಿ ಬರೆದೂ ಕೊಟ್ಟಿದ್ದಳು. ಆದರೂ ಸ್ವಲ್ಪ ಹೊತ್ತು ಹಿಡಿಯಿತು.

"ಎರಡು."

ಅವನು ಪಂಜರಗಳ ಆ ತುದಿಯಿಂದ ಈ ತುದಿಯವರೆಗೆ ನೋಡಿದ. ಬೈಯುತ್ತಾನೇನೋ ಎಂದು ಅವಳು ಕಾದಳು, ಬೈದಿದ್ದರೆ ಒಳ್ಳೆಯದಿತ್ತು. ಅವನು ಮೂಲೆಯಿಂದ ಇನ್ನೊಂದು ಸ್ಟೂಲು ಎಳೆದು ತಂದು, ಅದರ ಮೇಲಿನ ಗರಿಯನ್ನು ಅಂಗೈಯಿಂದ ಒರೆಸಿ, ತನ್ನ ಸ್ಟೂಲಿನ ಪಕ್ಕಕ್ಕೆ ಹಾಕಿದ.

"ಕೂತ್ಕೋ" ಎಂದ. "ಇವತ್ತಿನ್ನೂ ನಲವತ್ತೆರಡಿವೆ."